ತಟ್ಟೆಯಲ್ಲಿ ಗೆಣಸಿಗೆ ಅನ್ನದ ಜಾಗ

ಮಗಳೇ, ದೆಹಲಿ ಪಕ್ಕದ ಈ ಇಂದಿರಾಪುರಂನಲ್ಲಿ ಇದು ನಿನಗೆ ಮೊದಲನೇ ಚಳಿಗಾಲ. ದೀಪಾವಳಿ ಹತ್ತಿರ ಬಂತು ಅಂದರೆ ಇಲ್ಲಿನ ತರಕಾರಿ ಗಾಡಿಗಳ ಬಣ್ಣವೇ ಬದಲಾಗುತ್ತದೆ. ಬೆಂಡೆ, ಹೀರೆ ಹಿಂದೆ ಸರಿದು ಕೆಂಪು ಸಿಪ್ಪೆಯ ಗೆಣಸು, ಮಣ್ಣು ಮೆತ್ತಿದ ಸುವರ್ಣಗಡ್ಡೆ ಮುಂದಕ್ಕೆ ಬರುತ್ತವೆ. “ಅತ್ತೇ, ಇದೆಲ್ಲ ಸಿಹಿ, ಪಿಷ್ಟ. ತಿಂದರೆ ತೂಕ ಏರಲ್ವಾ? ಅಪ್ಪನ ಹಾಗೆ ನಮಗೂ ಶುಗರ್ ಬರಲ್ವಾ?” ಎಂದು ನೀನು ಕೇಳಿದ್ದೀಯ. ಧಾರಾಳವಾಗಿ ತಿನ್ನು. ಆದರೆ ಅನ್ನದ ಬದಲಿಗೆ ತಿನ್ನು, ಅನ್ನದ ಜೊತೆಗೆ ಪಲ್ಯ ಅಂತ ಬಡಿಸಿಕೊಳ್ಳಬೇಡ. ನಾನು ಹೇಳಬೇಕಾದ ಮುಖ್ಯ ಮಾತು ಇದೇ.

ಲೆಕ್ಕ ನೋಡು. 100 ಗ್ರಾಂ ಅನ್ನದಲ್ಲಿ ಸುಮಾರು 28 ಗ್ರಾಂ ಪಿಷ್ಟ ಇರುತ್ತದೆ, 130 ಕ್ಯಾಲೊರಿ. ಅಷ್ಟೇ ತೂಕದ ಗೆಣಸಿನಲ್ಲಿ ಪಿಷ್ಟ ಸಕ್ಕರೆ ಎಲ್ಲ ಸೇರಿ 20 ಗ್ರಾಂ, ಕ್ಯಾಲೊರಿ 86ರ ಆಸುಪಾಸು. ಅಂದರೆ ಅಂಗೈ ಉದ್ದದ ಒಂದು ಗೆಣಸು ಒಂದು ಸಣ್ಣ ಬಟ್ಟಲು ಅನ್ನಕ್ಕೆ ಸಮ. ನಾರಿನಂಶ ಮಾತ್ರ ಗೆಣಸಿನಲ್ಲಿ 3 ಗ್ರಾಂ, ಬಿಳಿ ಅನ್ನದಲ್ಲಿ ಅರ್ಧ ಗ್ರಾಂ ಕೂಡ ಇಲ್ಲ. ಎರಡು ಚಪಾತಿ, ಅನ್ನ, ಮೇಲೆ ಗೆಣಸಿನ ಪಲ್ಯ ತಿಂದು ಕಡೆಗೆ ಗೆಣಸನ್ನು ದೂರಿದರೆ ಪಾಪ, ಅದೇನು ಮಾಡೀತು? ಅನ್ನ ತೆಗೆದು ಆ ಜಾಗದಲ್ಲಿ ಗೆಣಸಿಡು, ಪಕ್ಕದಲ್ಲಿ ತೊವ್ವೆ ಅಥವಾ ಗಟ್ಟಿ ಮೊಸರು, ಒಂದು ಹಿಡಿ ಪಾಲಕ್ಕೋ ಬಥುವಾ ಸೊಪ್ಪೋ ಇರಲಿ. ಗೆಣಸಿನಲ್ಲಿ ಪ್ರೋಟೀನ್ ಬಹಳ ಕಡಿಮೆ, ಅದನ್ನು ಬೇಳೆ, ಮೊಸರು ತುಂಬಿಕೊಡಬೇಕು.

ಇನ್ನು ಬೇಯಿಸುವ ರೀತಿ. ಇಲ್ಲಿ ಎಲ್ಲರೂ ಅರಿಯದೆ ಎಡವುತ್ತಾರೆ. ಒಂದೇ ಗೆಣಸು ನೀರಲ್ಲಿ ಬೆಂದರೆ ಒಂದು ಥರ, ಕೆಂಡದಲ್ಲಿ ಸುಟ್ಟರೆ ಇನ್ನೊಂದು ಥರ. ಗೆಣಸಿನೊಳಗೆ ಪಿಷ್ಟವನ್ನು ಮಾಲ್ಟೋಸ್ ಎಂಬ ಸಕ್ಕರೆಯಾಗಿ ಒಡೆಯುವ ಕಿಣ್ವ ಇದೆ. ಸುಮಾರು 60ರಿಂದ 75 ಡಿಗ್ರಿ ಶಾಖದಲ್ಲಿ ಅದು ಚುರುಕಾಗಿ ಕೆಲಸ ಮಾಡುತ್ತದೆ. ಬೂದಿ ಮುಚ್ಚಿದ ಕೆಂಡದಲ್ಲಿ ನಿಧಾನಕ್ಕೆ ಸುಡುವ ಗೆಣಸು ಆ ಶಾಖದಲ್ಲಿ ಬಹಳ ಹೊತ್ತು ಇರುತ್ತದೆ. ಅದಕ್ಕೇ ವೈಶಾಲಿ ಮೆಟ್ರೋ ಹೊರಗೆ ಶಕರ್‌ಕಂದಿ ಎಂದು ಮಾರುವ ಸುಟ್ಟ ಗೆಣಸು ಅಷ್ಟು ಜೇನಿನಂತಿರುವುದು. ಬಾಯಿಗೆ ಬಹಳ ರುಚಿ, ಆದರೆ ರಕ್ತದಲ್ಲಿ ಸಕ್ಕರೆಯನ್ನೂ ಬೇಗ ಏರಿಸುತ್ತದೆ. ಸಿಪ್ಪೆ ಸಮೇತ ಬೇಯಿಸಿದ್ದು ಅಷ್ಟು ಬೇಗ ಏರಿಸುವುದಿಲ್ಲ. ದಿನದ ಊಟಕ್ಕೆ ಬೇಯಿಸಿದ್ದು, ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಆಸೆಗೆ ಸುಟ್ಟದ್ದು ಎಂದಿಟ್ಟುಕೋ. ನಿನ್ನಪ್ಪ ಬಂದಾಗ ಮಾತ್ರ ಬೇಯಿಸಿದ್ದನ್ನೇ ಕೊಡು. ಕೊಟ್ಟ ಎರಡು ಗಂಟೆಗೆ ಅವನ ಗ್ಲೂಕೋಮೀಟರ್‌ನಲ್ಲಿ ಒಮ್ಮೆ ನೋಡು. ಎಷ್ಟು ಕೊಡಬಹುದು ಎಂದು ಅವನ ಮೈಯೇ ಹೇಳುತ್ತದೆ.

ಬೇಯಿಸಲು ಇಡ್ಲಿ ಪಾತ್ರೆ ಸಾಕು. ಗೆಣಸನ್ನು ಚೆನ್ನಾಗಿ ಉಜ್ಜಿ ತೊಳೆದು, ಎರಡು ತುದಿ ಕತ್ತರಿಸಿ, ಸಿಪ್ಪೆ ಹಾಗೇ ಇಟ್ಟು ಹಬೆಯಲ್ಲಿ ಬೇಯಿಸು. ನೀರಲ್ಲಿ ಮುಳುಗಿಸಿ ಕುಕ್ಕರ್ ಕೂಗಿಸಿದರೆ ಮುದ್ದೆಯಾಗಿ ರುಚಿ ನೀರಿಗೆ ಹೋಗುತ್ತದೆ. ಬೆಂದದ್ದನ್ನು ಒರಟಾಗಿ ಹಿಸುಕಿ, ಗಟ್ಟಿ ಮೊಸರು, ಉಪ್ಪು, ಸಣ್ಣಗೆ ಹೆಚ್ಚಿದ ಹಸಿಮೆಣಸು, ಕೊತ್ತಂಬರಿ ಸೊಪ್ಪು ಸೇರಿಸಿ ಸಾಸಿವೆ ಇಂಗಿನ ಒಗ್ಗರಣೆ ಹಾಕು. ಈ ಮೊಸರು ಬಜ್ಜಿ ನಿನಗೆ ಆಫೀಸಿನ ಡಬ್ಬಿಗೂ ಆಗುತ್ತದೆ, ಮಗುವಿನ ಸಂಜೆಯ ಹಸಿವಿಗೂ ಆಗುತ್ತದೆ. ಪಲ್ಯವೇ ಬೇಕೆಂದರೆ ಕಡಲೆಬೇಳೆ, ತುರಿದ ಕಾಯಿ, ಹಿಂಡಿದ ನಿಂಬೆ ಸಾಕು, ಬೆಲ್ಲ ಬೇಡ. ಉತ್ತರ ಕರ್ನಾಟಕದವರ ಗೆಣಸಿನ ಹೋಳಿಗೆ ಹಬ್ಬದ ದಿನಕ್ಕಿರಲಿ, ಅದನ್ನು ಬಿಡು ಅಂತ ನಾನು ಯಾವತ್ತೂ ಹೇಳಲಾರೆ.

ಕೇಸರಿ ತಿರುಳಿನ ಗೆಣಸು ಕಣ್ಣಿಗೆ ಬಿದ್ದರೆ ಬಿಡಬೇಡ, ಮಗುವಿಗಾಗಿ ತೆಗೆದುಕೋ. ಇಲ್ಲಿ ಹೆಚ್ಚಾಗಿ ಸಿಗುವುದು ಸಿಪ್ಪೆ ಕೆಂಪು, ತಿರುಳು ಬಿಳಿ. ಅದರಲ್ಲಿ ಎ ಜೀವಸತ್ವ ಅಷ್ಟಿಲ್ಲ. ಆಫ್ರಿಕಾದ ಮಕ್ಕಳ ಕುರುಡುತನ ತಡೆಯಲೆಂದು ಕೇಸರಿ ಗೆಣಸನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದ ವಿಜ್ಞಾನಿಗಳಿಗೆ 2016ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ನಮ್ಮ ದೇಶದಲ್ಲೂ ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ‘ಭೂ ಸೋನಾ’ ಎಂಬ ಕೇಸರಿ ತಳಿಯನ್ನೂ ‘ಭೂ ಕೃಷ್ಣ’ ಎಂಬ ನೇರಳೆ ತಳಿಯನ್ನೂ ಕೊಟ್ಟಿದೆ. ಆ ಕೇಸರಿ ಬಣ್ಣದ ಸತ್ವ ಮೈಗೆ ಹತ್ತಬೇಕಾದರೆ ಜೊತೆಗೆ ಜಿಡ್ಡು ಬೇಕು. ಬಿಸಿ ಗೆಣಸಿನ ಮೇಲೆ ಒಂದು ಚಮಚ ತುಪ್ಪ ಹಾಕು ಎಂದು ನಮ್ಮಮ್ಮ ಹೇಳುತ್ತಿದ್ದುದು ಬರೀ ರುಚಿಗೆ ಅಂದುಕೊಳ್ಳಬೇಡ.

ಬೀದಿಯಲ್ಲಿ ತಿನ್ನುವಾಗ ಒಂದು ಎಚ್ಚರಿಕೆ, ಇದನ್ನು ಮನೆಗೆ ಬರುವ ಹಿರಿಯರಿಗೂ ಹೇಳು. ಶಕರ್‌ಕಂದಿಯ ಹೋಳುಗಳಿಗೆ ನಿಂಬೆ, ಚಾಟ್ ಮಸಾಲೆಯ ಜೊತೆ ಕಮರಖ್ ಹಣ್ಣಿನ ಚೂರು ಹಾಕಿಕೊಡುತ್ತಾರೆ. ಅದು ನಮ್ಮ ಕಡೆಯ ದಾರೇಹುಳಿಯೇ, ಅಡ್ಡ ಕೊಯ್ದರೆ ನಕ್ಷತ್ರದ ಆಕಾರ. ಆರೋಗ್ಯವಂತರಿಗೆ ಆ ಒಂದೆರಡು ಚೂರಿನಿಂದ ತೊಂದರೆ ಇಲ್ಲ. ಕಿಡ್ನಿ ಕೆಟ್ಟವರಿಗೆ ಮಾತ್ರ ಅದು ನಿಜವಾಗಿ ವಿಷ. ಅದರಲ್ಲಿರುವ ಒಂದು ಅಂಶವನ್ನು ಅವರ ಕಿಡ್ನಿ ಹೊರಹಾಕಲಾರದೆ ಬಿಡದ ಬಿಕ್ಕಳಿಕೆ, ಗೊಂದಲ, ಫಿಟ್ಸ್ ತನಕ ಹೋಗುತ್ತದೆ. ಅಂಥವರಿಗೆ “ಕಮರಖ್ ಬೇಡ” ಎಂದು ಮೊದಲೇ ಹೇಳಿ ತೆಗೆದುಕೊಳ್ಳಬೇಕು. ಗೆಣಸಿನಲ್ಲೂ ಪೊಟ್ಯಾಸಿಯಂ ಹೆಚ್ಚು, ಹಾಗಾಗಿ ಡಾಕ್ಟರನ್ನು ಕೇಳದೆ ಅವರಿಗೆ ಗೆಣಸನ್ನೂ ಕೊಡಬೇಡ. ಮತ್ತೆ, ಸುಟ್ಟ ಗೆಣಸಿನ ಆಸೆಗೆ ಮುಚ್ಚಿದ ಫ್ಲ್ಯಾಟಿನಲ್ಲಿ ಇದ್ದಿಲ ಅಂಗೀಠಿ ಹಚ್ಚಬೇಡ. ಅದರಿಂದ ಹೊರಡುವ, ಕಣ್ಣಿಗೆ ಕಾಣದ ವಿಷಾನಿಲಕ್ಕೆ ಈ ಭಾಗದಲ್ಲಿ ಪ್ರತಿ ಚಳಿಗಾಲದಲ್ಲೂ ಜೀವಗಳು ಹೋಗುತ್ತವೆ. ದಪ್ಪ ಕಬ್ಬಿಣದ ಕಾವಲಿಯ ಮೇಲೆ ಗೆಣಸಿಟ್ಟು, ಪಾತ್ರೆ ಬೋರಲು ಹಾಕಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ತಿರುವುತ್ತಾ ಸುಡು. ಸಿಪ್ಪೆ ಸುಕ್ಕಾಗಿ ರಸ ಒಸರಿ ಕಪ್ಪಗಾದರೆ ಆಯಿತು.

ಈಗ ಸುವರ್ಣಗಡ್ಡೆ. ಇಲ್ಲಿ ಜಿಮಿಕಂದ್ ಎಂದು ಕೇಳಬೇಕು. ನಿಮ್ಮ ಸೊಸೈಟಿಯಲ್ಲಿ ಪೂರ್ವ ಉತ್ತರ ಪ್ರದೇಶದ ಮನೆಗಳಿದ್ದರೆ ನೋಡು, ಅವರಲ್ಲಿ ದೀಪಾವಳಿಗೆ ಇದರ ಪಲ್ಯ ಆಗಲೇಬೇಕು. ಹಾಗಾಗಿ ಆ ವಾರ ಸಾಹಿಬಾಬಾದ್ ಮಂಡಿಯಲ್ಲಿ ಒಳ್ಳೆಯ ಗಡ್ಡೆ ಸಿಗುತ್ತದೆ. ಜನ ಇದಕ್ಕೆ ಹೆದರುವುದು ತುರಿಕೆಗೆ. ಗಡ್ಡೆಯೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಸಣ್ಣ ಹರಳುಗಳಿವೆ, ಅವು ಕೈಗೂ ಗಂಟಲಿಗೂ ಚುಚ್ಚುತ್ತವೆ. ಗಡ್ಡೆ, ಕೈ, ಚಾಕು, ಮಣೆ ಎಲ್ಲ ಒಣಗಿರಲಿ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಸಿಪ್ಪೆಯನ್ನು ದಪ್ಪಗೆ ತೆಗೆ. ತೊಳೆಯುವುದು ಹೆಚ್ಚಿದ ಮೇಲೆ. ಹೋಳುಗಳನ್ನು ಹುಣಸೆ ನೀರಿನಲ್ಲೋ ಹುಳಿ ಮಜ್ಜಿಗೆಯಲ್ಲೋ ಅರ್ಧ ಗಂಟೆ ನೆನೆಸಿ, ಆ ನೀರು ಚೆಲ್ಲಿ, ಬೇರೆ ನೀರಿನಲ್ಲಿ ಉಪ್ಪು, ಅರಿಶಿನ, ಇನ್ನಷ್ಟು ಹುಣಸೆ ಹಾಕಿ ಬೇಯಿಸು. ಆ ನೀರನ್ನೂ ಬಸಿದುಬಿಡು. ಹೀಗೆ ಬಸಿಯುವುದರಿಂದ ಕರಗುವ ಆಕ್ಸಲೇಟೂ ಒಂದಷ್ಟು ಹೋಗುತ್ತದೆ. ಆದರೂ ಕಿಡ್ನಿಯಲ್ಲಿ ಕಲ್ಲಾಗಿದ್ದವರು ಇದನ್ನು ಬಿಡುವುದೇ ಲೇಸು. ಹೊಸದಾಗಿ ಕಿತ್ತ ಗಡ್ಡೆ ಹೆಚ್ಚು ತುರಿಸುತ್ತದೆ, ಕೆಲವು ವಾರ ಗಾಳಿಯಾಡುವ ಕಡೆ ಇಟ್ಟದ್ದು ಕಡಿಮೆ. ‘ಗಜೇಂದ್ರ’ ತಳಿಯದಾದರೆ ತುರಿಕೆ ಅಷ್ಟಿಲ್ಲ.

ಹಾಗೆ ಬೆಂದ ಹೋಳುಗಳಿಂದ ಹುಳಿ ಮಾಡು. ತೊಗರಿಬೇಳೆ ಬೇಯಿಸಿಕೊಂಡು, ಹುರಿದ ಕೊತ್ತಂಬರಿ ಬೀಜ, ಮೆಂತ್ಯ, ಬ್ಯಾಡಗಿ ಮೆಣಸನ್ನು ಕಾಯಿಯ ಜೊತೆ ರುಬ್ಬಿ ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಡು. ಹೋಳು ದಪ್ಪಗಿರಲಿ, ತಟ್ಟೆಗೆ ನಾಲ್ಕು ಬಿದ್ದರೆ ಆ ಹೊತ್ತಿಗೆ ಅನ್ನ ಅರ್ಧ ಸಾಕು. ಇಲ್ಲಿ ಹೆಚ್ಚಿನ ಮನೆಗಳಲ್ಲಿ ಹೋಳನ್ನು ಸಾಸಿವೆ ಎಣ್ಣೆಯಲ್ಲಿ ಕರಿದು ಮಸಾಲೆಗೆ ಹಾಕುತ್ತಾರೆ. ರುಚಿಗೆ ಕೊರತೆಯಿಲ್ಲ, ಆದರೆ ಗಡ್ಡೆ ಎಣ್ಣೆ ಬಹಳ ಹೀರುತ್ತದೆ. ಬೆಂದ ಹೋಳಿಗೆ ಖಾರದ ಪುಡಿ, ನಿಂಬೆರಸ, ಸ್ವಲ್ಪ ರವೆ ಸವರಿ ಎರಡು ಚಮಚ ಎಣ್ಣೆಯಲ್ಲಿ ಕಾವಲಿಯ ಮೇಲೆ ಕೆಂಪಗೆ ಮಾಡಿದರೂ ಮಕ್ಕಳು ಅಷ್ಟೇ ಇಷ್ಟಪಟ್ಟು ತಿನ್ನುತ್ತಾರೆ.

ಕೇರಳದವರ ಅಂಗಡಿಯಲ್ಲಿ ಮರಗೆಣಸು ಸಿಕ್ಕರೆ ಅದರ ದಾರಿಯೇ ಬೇರೆ. ಸಿಪ್ಪೆ ಪೂರ್ತಿ ತೆಗೆದು, ಮುಚ್ಚಳ ತೆರೆದು, ತುಂಬ ನೀರಲ್ಲಿ ಕುದಿಸಿ ನೀರು ಚೆಲ್ಲಬೇಕು. ಹಸಿ ಚೂರು ಮಗುವಿನ ಕೈಗೆ ಸಿಗಬಾರದು, ಅದರಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ.

ಗೆಣಸು ಇಡುವ ವಿಷಯ ಇಲ್ಲಿ ನಮ್ಮೂರಿಗಿಂತ ಕಷ್ಟ. ಅದಕ್ಕೆ 13ರಿಂದ 15 ಡಿಗ್ರಿ ಹಿತ. ಹಸಿಯದನ್ನು ಫ್ರಿಜ್ಜಿನಲ್ಲಿಟ್ಟರೆ ನಡುವೆ ಗಟ್ಟಿ ಗಂಟಾಗಿ ಎಷ್ಟು ಬೇಯಿಸಿದರೂ ಮೆದುವಾಗದು. ಜನವರಿಯಲ್ಲಿ ಬಾಲ್ಕನಿಯೂ ಫ್ರಿಜ್ಜೇ ಆಗಿರುತ್ತದೆ, ಅಲ್ಲೂ ಬೇಡ. ಅಡುಗೆಮನೆಯ ಕತ್ತಲ ಮೂಲೆಯಲ್ಲಿ ಕಾಗದ ಸುತ್ತಿ ಇಡು, ತೊಳೆದು ಇಡಬೇಡ. ಹುಳು ಕೊರೆದು ಕಪ್ಪಾಗಿ ಕಹಿ ವಾಸನೆ ಬಂದದ್ದನ್ನು ಕೆಟ್ಟ ಭಾಗ ಕತ್ತರಿಸಿ ಉಳಿದದ್ದು ಬೇಯಿಸುತ್ತೇನೆ ಎಂದುಕೊಳ್ಳಬೇಡ, ಆ ಕಹಿಯ ವಿಷ ಕುದಿಸಿದರೂ ಹೋಗುವುದಿಲ್ಲ.

ಊರು ದೂರವಾಯಿತು ಎಂಬ ಕೊರಗು ನಿನಗಿದೆ, ಗೊತ್ತು. ಇಲ್ಲಿಯವರು ಕಾರ್ತಿಕದ ದೇವ್ ಉಠನಿ ಏಕಾದಶಿಗೆ ಕಬ್ಬು, ಸಿಂಘಾಡಾ ಜೊತೆ ಗೆಣಸು ಇಟ್ಟು ಪೂಜಿಸುತ್ತಾರೆ. ಮಾರನೆಯ ದಿನ ನಮಗೆ ತುಳಸಿ ಹಬ್ಬ. ಸಂಕ್ರಾಂತಿಗೆ ನಾವು ಅವರೆಕಾಯಿ, ಕಡಲೆಕಾಯಿ, ಗೆಣಸು ಒಟ್ಟಿಗೆ ಬೇಯಿಸುತ್ತೇವೆ. ಶಿವರಾತ್ರಿಯ ಉಪವಾಸಕ್ಕೆ ಇಬ್ಬರಿಗೂ ಗೆಣಸೇ. ಬೆಳಗಾವಿ ಸುತ್ತಲಿನ ಕೆಂಪು ಮಣ್ಣಿನ ಗೆಣಸು ಲಾರಿ ಹತ್ತಿ ದೆಹಲಿಯ ಮಂಡಿಗೂ ಬರುತ್ತದೆ, ವ್ಯಾಪಾರಿಯನ್ನು ಎಲ್ಲಿಯ ಮಾಲು ಎಂದು ಕೇಳಿ ನೋಡು. ಚಳಿಗಾಲದಲ್ಲಿ ಊರಿಗೆ ಹೋಗುವುದಾದರೆ ಉತ್ತರ ಕನ್ನಡದ ಜೋಯಿಡಾ ಕಡೆ ಒಮ್ಮೆ ಮಗುವನ್ನು ಕರೆದುಕೊಂಡು ಹೋಗು. ಕುಣಬಿ ಜನ ತಾವೇ ಬೆಳೆದ ಮುಡ್ಲಿ ಮೊದಲಾದ ಗಡ್ಡೆಗಳನ್ನು ಹರವಿಕೊಂಡು ಅಲ್ಲಿ ಗಡ್ಡೆ ಗೆಣಸಿನ ಮೇಳ ಮಾಡುತ್ತಾರೆ. ಯಾವ ಗಡ್ಡೆಯನ್ನು ಸುಡಬೇಕು, ಯಾವುದನ್ನು ಬೇಯಿಸಬೇಕು ಎಂದು ಆ ಹೆಂಗಸರನ್ನು ಕೇಳಿದರೆ ನನಗಿಂತ ಚೆನ್ನಾಗಿ ಹೇಳಿಕೊಡುತ್ತಾರೆ.

ಈ ಸಲ ಮೊಳಕೆ ಬಂದ ಒಂದು ಗೆಣಸನ್ನು ಎತ್ತಿಡು. ಬೇಸಿಗೆಯಲ್ಲಿ ಅದನ್ನು ಮರಳು ಮಣ್ಣಿನ ಕುಂಡದಲ್ಲಿ ಹೂತರೆ ಬಳ್ಳಿ ಬರುತ್ತದೆ. ಜುಲೈ ಮಳೆಗೆ ಬಳ್ಳಿಯನ್ನು ಗೇಣುದ್ದ ತುಂಡರಿಸಿ ದೊಡ್ಡ ಚೀಲದಲ್ಲಿ ನೆಡು, ನವೆಂಬರಿಗೆ ಕೀಳಬಹುದು. ನಡುವೆ ಎಳೆ ಎಲೆ ಚಿವುಟಿ ಬೇಳೆ ಸೊಪ್ಪಿನ ಸಾರಿಗೆ ಹಾಕು, ಗೆಣಸಿನ ಸೊಪ್ಪೂ ತಿನ್ನುವ ಸೊಪ್ಪೇ. ಬಳ್ಳಿಗೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು, ನಿಮ್ಮ ಎರಡು ಬಾಲ್ಕನಿಗಳಲ್ಲಿ ಯಾವುದಕ್ಕೆ ಹೆಚ್ಚು ಬೀಳುತ್ತದೆ ಎಂದು ಈಗಲೇ ನೋಡಿಟ್ಟುಕೋ.