ಒಂದು ಚರಿಗಿ ನೀರಿನ ಲೆಕ್ಕ

ಸತ್ತೂರಿನ ಆಸ್ಪತ್ರೆಗೆ ಹಳ್ಳಿಗಳಿಂದ ಪೇಶೆಂಟ್ ಕರೆತರುವ ಬಾಡಿಗೆ ಗಾಡಿಗಳಲ್ಲಿ ನಮ್ಮ ಗೆಳೆಯನ ಕಾಕಾನದೂ ಒಂದು. ಹಳೇ 1.3 ಲೀಟರ್ ಡೀಸೆಲ್ ಡಿಸೈರ್. ಗಾಡಿ ನಿಲ್ಲಿಸಿದಲ್ಲೆಲ್ಲ ಬಲಗಡೆ ಗಾಲಿಯ ಹತ್ತಿರ ನಾಲ್ಕು ಹನಿ ಬೀಳುತ್ತಿದ್ದುದನ್ನು ನಾವು ತೋರಿಸಿದ್ದೆವು. "ಏನಾಗೂದಿಲ್ಲೋ ತಮ್ಮಾ, ದಿನಾ ಮುಂಜಾನೆ ಒಂದ್ ಚರಿಗಿ ನೀರ್ ಹಾಕಿದ್ರ ಮುಗೀತು" ಅಂದರು. ಹಾಗೆಯೇ ಎರಡು ತಿಂಗಳು ಓಡಿಸಿದರು. ಒಂದು ಮಧ್ಯಾಹ್ನ ಬೈಪಾಸಿನಲ್ಲಿ ಟೆಂಪರೇಚರ್ ಮುಳ್ಳು ಮೇಲೇರಿತು. ಅವರು ಗಾಡಿ ಸೈಡಿಗೆ ಹಾಕುವಷ್ಟರಲ್ಲಿ ಮುಳ್ಳು ತಾನಾಗಿಯೇ ಇಳಿಯಿತು. ಆರಾಮ ಆತು ಅಂತ ಮತ್ತೆ ಆರು ಕಿಲೋಮೀಟರ್ ಹೊಡೆದರು. ಹೆಡ್ ಗ್ಯಾಸ್ಕೆಟ್ ಹೋಯಿತು, ಹೆಡ್ ಸೊಟ್ಟಗಾಯಿತು. ಪಂಪಿಗೆ 2,000 ಚಿಲ್ಲರೆ ಸಾಕಿತ್ತು, ಬಿಲ್ಲು ಬಂದಿದ್ದು 32,000. ಅದರ ಮೇಲೆ ಹದಿನೈದು ದಿನ ದುಡಿಮೆ ಇಲ್ಲ, ಆದರೆ ಬ್ಯಾಂಕಿನ ಕಂತು ಮಾತ್ರ ತಪ್ಪಲಿಲ್ಲ.

ಮುಳ್ಳು ಯಾಕೆ ಇಳಿಯಿತು? ಅಲ್ಲೇ ಇದೆ ಮೋಸ. ಟೆಂಪರೇಚರ್ ಸೆನ್ಸರ್ ಅಳೆಯುವುದು ತನಗೆ ತಾಗಿಕೊಂಡ ನೀರಿನ ಬಿಸಿಯನ್ನು. ನೀರು ಖಾಲಿಯಾಗಿ ಅಲ್ಲಿ ಬರೀ ಗಾಳಿ, ಹಬೆ ಉಳಿದರೆ ಅದು ಕಡಿಮೆ ತೋರಿಸಬಹುದು. ಎಂಜಿನ್ ಒಳಗೆ ಬೇಯುತ್ತಿರುತ್ತದೆ, ಮೀಟರ್ ಮಾತ್ರ ತಣ್ಣಗೆ ಕೂತಿರುತ್ತದೆ. ಏರಿದ ಮುಳ್ಳು ಕಾರಣವಿಲ್ಲದೆ ಇಳಿದರೆ ಇನ್ನೂ ಹೆಚ್ಚು ಹೆದರಬೇಕು.

ವಾಟರ್ ಪಂಪ್ ಎಂದರೆ ನಾವು ಹೈಡ್ರಾಲಿಕ್ಸ್ ಲ್ಯಾಬಿನಲ್ಲಿ ರೀಡಿಂಗ್ ತೆಗೆಯುವ ಅದೇ ಸೆಂಟ್ರಿಫ್ಯೂಗಲ್ ಪಂಪ್, ಗಾತ್ರ ಅಷ್ಟೇ ಸಣ್ಣದು. ಎಷ್ಟು ನೀರು ಎತ್ತಬೇಕು ಅನ್ನುವುದಕ್ಕೆ ಒಂದು ಲೆಕ್ಕ ಮಾಡೋಣ. ಎಂಜಿನ್ 25 ಕಿಲೋವ್ಯಾಟ್ ಶಾಖವನ್ನು ಕೂಲಂಟಿಗೆ ಕೊಡುತ್ತಿದೆ, ರೇಡಿಯೇಟರಿನಲ್ಲಿ ಅದು 7 ಡಿಗ್ರಿ ಇಳಿಯುತ್ತಿದೆ ಎಂದುಕೊಳ್ಳಿ. ಅರ್ಧ ನೀರು, ಅರ್ಧ ಗ್ಲೈಕಾಲ್ ಇರುವ ಮಿಶ್ರಣದ ವಿಶಿಷ್ಟ ಶಾಖ ಸುಮಾರು 3.5. ಭಾಗಿಸಿದರೆ ಸೆಕೆಂಡಿಗೆ ಒಂದು ಕೆಜಿ, ನಿಮಿಷಕ್ಕೆ ಸುಮಾರು 58 ಲೀಟರ್. ಇಂಥ ಕಾರಿನಲ್ಲಿ ಇರುವುದೇ 5-6 ಲೀಟರ್. ಅಂದರೆ ಇದ್ದ ನೀರೆಲ್ಲ ನಿಮಿಷಕ್ಕೆ ಹತ್ತು ಸಲ ಸುತ್ತು ಹಾಕಬೇಕು. ಅದರಲ್ಲಿ ಎರಡು ಲೀಟರ್ ಸೋರಿ, ಪಂಪು ಗಾಳಿ ಎಳೆಯತೊಡಗಿದರೆ ಸುತ್ತುವುದೇ ನಿಲ್ಲುತ್ತದೆ.

ಈಗ ಆ ಹನಿಯ ಮಾತಿಗೆ ಬರೋಣ. ಪಂಪಿನ ಶಾಫ್ಟಿನ ಒಂದು ತುದಿಗೆ ಇಂಪೆಲ್ಲರ್, ಇನ್ನೊಂದು ತುದಿಗೆ ಪುಲ್ಲಿ, ನಡುವೆ ಬೇರಿಂಗ್. ನೀರು ಬೇರಿಂಗಿಗೆ ಹೋಗದಂತೆ ತಡೆಯುವುದು ಒಂದು ಮೆಕ್ಯಾನಿಕಲ್ ಸೀಲ್. ಅದರಲ್ಲಿ ಎರಡು ನುಣ್ಣನೆಯ ಬಳೆಗಳು ಒಂದರ ಮೇಲೊಂದು ಉಜ್ಜುತ್ತಿರುತ್ತವೆ. ಅವುಗಳ ನಡುವಿನ ಕೂಲಂಟಿನ ತೆಳು ಪೊರೆಯೇ ಅವಕ್ಕೆ ಎಣ್ಣೆ ಇದ್ದ ಹಾಗೆ. ಸೀಲಿಗೂ ಬೇರಿಂಗಿಗೂ ಮಧ್ಯೆ ಬೇಕಂತಲೇ ಒಂದು ಸಣ್ಣ ತೂತು ಬಿಟ್ಟಿರುತ್ತಾರೆ, ವೀಪ್ ಹೋಲ್, ಅಂದರೆ ಅಳುವ ತೂತು. ಸೀಲ್ ಸವೆದರೆ ನೀರು ಬೇರಿಂಗಿಗೆ ನುಗ್ಗುವ ಬದಲು ಅಲ್ಲಿಂದ ಹೊರಗೆ ಬರಲಿ ಅಂತ. ತೂತಿನ ಸುತ್ತ ಒಣಗಿದ ಕಲೆ ಸ್ವಲ್ಪ ಇದ್ದರೆ ಚಿಂತೆಯಿಲ್ಲ. ಹಸಿ ಹನಿ ಬೀಳುತ್ತಿದ್ದರೆ ಪಂಪಿನ ಕಾಲ ಮುಗಿಯಿತು. ಕೆಲವರು ಈ ತೂತಿಗೇ ಎಂ-ಸೀಲ್ ಮೆತ್ತುತ್ತಾರೆ! ಆಗ ನೀರು ಬೇರಿಂಗಿನ ಗ್ರೀಸ್ ತೊಳೆಯುತ್ತದೆ, ಬೇರಿಂಗ್ ಹಿಡಿಯುತ್ತದೆ, ಬೆಲ್ಟ್ ಹರಿಯುತ್ತದೆ.

ಕಾಕಾನ ಚರಿಗಿ ನೀರು ಇದಕ್ಕೆ ಇನ್ನಷ್ಟು ಕೈಜೋಡಿಸಿತ್ತು. ದಿನವೂ ಬೋರಿನ ನೀರು ಸುರಿದರೆ ಕೂಲಂಟ್ ತೆಳ್ಳಗಾಗಿ ತುಕ್ಕು ತಡೆಯುವ ರಾಸಾಯನಿಕ ಕಡಿಮೆಯಾಗುತ್ತದೆ. ನಮ್ಮ ಬೋರಿನ ನೀರು ಕುದಿಸಿದ ಪಾತ್ರೆಯ ತಳದ ಬಿಳಿ ಪದರ ಎಲ್ಲರೂ ನೋಡಿದ್ದೇ. ಅದೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕೂರುತ್ತದೆ, ಅದರ ಕಣಗಳು ಸೀಲನ್ನು ಗೀರುತ್ತವೆ. ಇನ್ನೊಂದು, ನಮ್ಮೂರು ಸಮುದ್ರದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ. ಇಲ್ಲಿ ಬರೀ ನೀರು ಕುದಿಯುವುದು 97-98 ಡಿಗ್ರಿಗೆ. 0.9 ಬಾರ್ ಮುಚ್ಚಳ ಸರಿಯಾಗಿ ಕೂತರೆ ಅದು 117ರ ಹತ್ತಿರ ಹೋಗುತ್ತದೆ, ಗ್ಲೈಕಾಲ್ ಇದ್ದರೆ ಇನ್ನೂ ಮೇಲೆ. ಎಂಜಿನ್ ಓಡುವುದೇ 90ರ ಆಸುಪಾಸಿನಲ್ಲಿ. ಒತ್ತಡ ನಿಲ್ಲದಿದ್ದರೆ ನಮಗೆ ಉಳಿಯುವ ಅಂತರ ಏಳೆಂಟು ಡಿಗ್ರಿ, ಅಷ್ಟೇ.

ರಿಪೇರಿ ದಿನ ನಾವೂ ಗ್ಯಾರೇಜಿನಲ್ಲಿ ಕೈ ಮಸಿ ಮಾಡಿಕೊಂಡೆವು. ಈ ಎಂಜಿನ್ನಿನಲ್ಲಿ ಟೈಮಿಂಗಿಗೆ ಚೈನ್ ಇದೆ, ಪಂಪು ತಿರುಗುವುದು ಹೊರಗಿನ ಬೆಲ್ಟಿನಿಂದ, ಹಾಗಾಗಿ ಕೆಲಸ ಸಲೀಸು. ಪೋಲೋ 1.5 ಡೀಸೆಲ್‌ನಂಥ ಗಾಡಿಗಳಲ್ಲಿ ಪಂಪು ಟೈಮಿಂಗ್ ಬೆಲ್ಟಿನ ಮೇಲೇ ಓಡುತ್ತದೆ. ಅಲ್ಲಿ ಬೆಲ್ಟ್ ಬದಲಿಸುವಾಗ ಪಂಪನ್ನೂ ಬದಲಿಸುವುದೇ ಜಾಣತನ, ಯಾಕೆಂದರೆ ಪಂಪು ಹಿಡಿದು ಬೆಲ್ಟ್ ಹರಿದರೆ ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಮುಚ್ಚಳಕ್ಕೆ ಕೈ ಹಾಕಬೇಕು. ಬಿಸಿಯಿದ್ದಾಗ ತೆಗೆದರೆ ಒತ್ತಡ ಇಳಿದು ನೀರು ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ. ಹಳೇ ಕೂಲಂಟ್ ಬುಟ್ಟಿಯಲ್ಲಿ ಹಿಡಿಯಿರಿ, ಗಟಾರಕ್ಕೆ ಬೇಡ. ಅದು ಸಿಹಿ ವಿಷ, ನೆಕ್ಕಿದ ನಾಯಿ ಸಾಯುತ್ತದೆ. ಬೆಲ್ಟ್ ಬಿಚ್ಚುವ ಮೊದಲೇ ಪುಲ್ಲಿಯ ಬೋಲ್ಟ್ ಸಡಿಲಿಸಿ ಅಂತ ಮಿಸ್ತ್ರಿ ಹೇಳಿಕೊಟ್ಟರು. ಬೆಲ್ಟ್ ಬಿಗಿ ಇರುವಾಗ ಪುಲ್ಲಿ ತಿರುಗುವುದಿಲ್ಲ, ಸ್ಪ್ಯಾನರಿಗೆ ಹಿಡಿತ ಸಿಗುತ್ತದೆ. ಇದು ಯಾವ ಟೆಕ್ಸ್ಟ್ ಬುಕ್ಕಿನಲ್ಲೂ ನಮಗೆ ಕಂಡಿರಲಿಲ್ಲ. ಹಳೇ ಗ್ಯಾಸ್ಕೆಟ್ ಕೆರೆಯುವಾಗ ನಮ್ಮಲ್ಲೊಬ್ಬ ಸ್ಕ್ರೂಡ್ರೈವರ್ ಎತ್ತಿದ್ದಕ್ಕೆ ಬೈಸಿಕೊಂಡ. ಅಲ್ಯುಮಿನಿಯಂ ಮೆತ್ತಗೆ, ಒಂದು ಗೀರು ಬಿದ್ದರೂ ಸೋರುತ್ತದೆ. ಹೊಸ ಪಂಪು ಕೂರಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದು, ಕೊನೆಗೆ ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ ತಂದೆವು. ಬೆಲ್ಟ್ ಅತಿಯಾಗಿ ಬಿಗಿದರೆ ಹೊಸ ಬೇರಿಂಗೂ ಬೇಗ ಹೋಗುತ್ತದೆ. ಆಮೇಲೆ ಕಂಪನಿ ಹೇಳಿದ ಕೂಲಂಟ್ ತುಂಬಿ, ಹೀಟರ್ ಫುಲ್ ಇಟ್ಟು, ಗಾಳಿ ಹೊರಹೋಗುವವರೆಗೆ ಎಂಜಿನ್ ಓಡಿಸಿದೆವು.

ಮರುದಿನ ಮುಂಜಾನೆ ನೋಡಿದರೆ ಟ್ಯಾಂಕಿನಲ್ಲಿ ಅರ್ಧ ಲೀಟರ್ ಕಡಿಮೆ. ಕಾಕಾ ಗಾಬರಿಯಾದರು. ಒಳಗೆ ಸಿಕ್ಕಿಕೊಂಡಿದ್ದ ಗಾಳಿ ಬಿಟ್ಟುಹೋದ ಜಾಗ ಅದು ಅಂತ ಹೇಳಿ, ಅದೇ ಕೂಲಂಟ್ ತುಂಬಿಸಿ, ಪಂಪಿನ ಕೆಳಗೆ ನೆಲದ ಮೇಲೆ ಪೇಪರ್ ಹಾಸಿದೆವು. ಮೂರು ದಿನ ಆದರೂ ಪೇಪರ್ ಒಣಗೇ ಇತ್ತು.