ಸರ್ಕಾರಿ ಕಟ್ಟಡಕ್ಕೆ ಸೋಲಾರ್: ಊರಿನವರು ಕೇಳಬೇಕಾದ ಕಾಗದಗಳು

ಪ್ರಾಥಮಿಕ ಆರೋಗ್ಯ ಕೇಂದ್ರದ ತಾರಸಿ ಮೇಲೆ ಸೋಲಾರ್ ಪ್ಯಾನೆಲ್‌ಗಳಿವೆ, ಉದ್ಘಾಟನೆಯ ಕಲ್ಲೂ ಗೋಡೆಯಲ್ಲಿದೆ. ಆದರೂ ಕರೆಂಟ್ ಹೋದ ಕೂಡಲೇ ಹೆರಿಗೆ ಕೋಣೆ ಕತ್ತಲು. ‘ಇಷ್ಟು ದುಡ್ಡು ಸುರಿದು ಏನು ಬಂತು?’ ಎಂದು ಜನ ಗುತ್ತಿಗೆದಾರನನ್ನು ಬೈಯುತ್ತಾರೆ. ಎಷ್ಟೋ ಸಲ ಅವನ ತಪ್ಪೇನೂ ಇರುವುದಿಲ್ಲ. ಅಲ್ಲಿ ಹಾಕಿರುವುದು ಗ್ರಿಡ್‌ಗೆ ಜೋಡಿಸಿದ, ಬ್ಯಾಟರಿಯೇ ಇಲ್ಲದ ವ್ಯವಸ್ಥೆ. ಲೈನ್‌ಮನ್ ಕಂಬ ಹತ್ತಿದಾಗ ತಾರಸಿಯ ಕಡೆಯಿಂದ ತಂತಿಗೆ ವಿದ್ಯುತ್ ಹರಿದು ಅವನ ಜೀವಕ್ಕೆ ಅಪಾಯವಾಗಬಾರದೆಂದು, ಲೈನ್ ಹೋದೊಡನೆ ಇಂಥ ಇನ್ವರ್ಟರ್ ತಾನೂ ನಿಂತುಬಿಡುತ್ತದೆ. ಮಟಮಟ ಮಧ್ಯಾಹ್ನದ ಬಿಸಿಲಿದ್ದರೂ ಅಷ್ಟೇ. ಅದು ಬಿಲ್ ಇಳಿಸುತ್ತದೆ, ಬೆಳಕು ಕಾಯುವುದಿಲ್ಲ. ಬೆಳಕು ಬೇಕಿದ್ದರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು, ಮತ್ತು ಅದು ಅಂದಾಜು ಪಟ್ಟಿಯಲ್ಲೇ ಇರಬೇಕು. ಪ್ಯಾನೆಲ್ ಏರಿದ ಮೇಲೆ ಜಗಳ ಆಡುವುದಕ್ಕಿಂತ ಅಂದಾಜು ಪಟ್ಟಿಗೆ ಮುಂಚೆ ಬಾಯಿ ಬಿಡುವುದು ಲೇಸು.

ಬಾಯಿ ಬಿಡಲು ಕಾನೂನು ಜಾಗ ಕೊಟ್ಟಿದೆ. 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ಎರಡು ಗ್ರಾಮಸಭೆಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರ ಇರುವಂತಿಲ್ಲ. ವಾರ್ಡ್ ಸಭೆಯಲ್ಲಿ ಬೇಡಿಕೆ ಇಟ್ಟು, ಅದು ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ದಾಖಲಾಗಿ, ‘ನಮ್ಮ ಗ್ರಾಮ ನಮ್ಮ ಯೋಜನೆ’ಯೊಳಗೆ ಸೇರಬೇಕು. ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದರೆ ಸಾಲದು. ಬೇಡಿಕೆಯನ್ನು ಬರೆದು ಕೊಟ್ಟು ಪಿಡಿಒ ಅವರಿಂದ ಸ್ವೀಕೃತಿ ಪಡೆಯಿರಿ. ಶಾಲೆಯ ವಿಷಯವಾದರೆ ದಾರಿ ಬೇರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನಂತೆ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, 22ನೇ ಕಲಮಿನಂತೆ ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು ಆ ಸಮಿತಿಯ ಕೆಲಸ. ನಮ್ಮಲ್ಲಿ ಅದೇ ಎಸ್‌ಡಿಎಂಸಿ. ಸೋಲಾರ್ ಬೇಡಿಕೆ ಮೊದಲು ಅದರ ಠರಾವಿನಲ್ಲಿ ಬರಲಿ.

ಏನು ಕೇಳಬೇಕು? ‘ಸೋಲಾರ್ ಹಾಕಿಸಿಕೊಡಿ’ ಎಂದಷ್ಟೇ ಬರೆದರೆ ಮತ್ತೆ ಅದೇ ಕತ್ತಲು. ಹನ್ನೆರಡು 20 ವ್ಯಾಟ್‌ನ ಎಲ್‌ಇಡಿ ಟ್ಯೂಬ್, ಹತ್ತು 75 ವ್ಯಾಟ್‌ನ ಫ್ಯಾನ್ ಇರುವ ಶಾಲೆ ಗಂಟೆಗೆ ಸುಮಾರು ಒಂದು ಯೂನಿಟ್ ಬಳಸುತ್ತದೆ, ಆರು ಗಂಟೆಗೆ ಆರು ಯೂನಿಟ್. ನಮ್ಮ ಬಿಸಿಲಿನಲ್ಲಿ 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ, ನೆರಳಿಲ್ಲದ ಸುಮಾರು ನೂರು ಚದರ ಅಡಿ ಜಾಗ ಬೇಡುತ್ತದೆ. 2 ಕಿಲೋವ್ಯಾಟ್ ಸಾಕು. ಹಗಲು ಮಾತ್ರ ನಡೆಯುವ ಶಾಲೆಗೆ ದೊಡ್ಡ ಬ್ಯಾಟರಿ ದಂಡ. ಸಂಜೆ ಮಕ್ಕಳು ಓದಲು ಬರುವ ಪಂಚಾಯ್ತಿ ಗ್ರಂಥಾಲಯಕ್ಕೆ, ಅಂದರೆ ಅರಿವು ಕೇಂದ್ರಕ್ಕೆ, ಚಿಕ್ಕದೊಂದು ಬೇಕು. ರಾತ್ರಿ ಹೆರಿಗೆಯಾಗುವ ಆರೋಗ್ಯ ಕೇಂದ್ರದ್ದೇ ನಿಜವಾದ ಲೆಕ್ಕ. ಲಸಿಕೆಯ ಐಎಲ್‌ಆರ್ ಫ್ರಿಜ್ ಬಾಗಿಲು ತೆರೆಯದಿದ್ದರೆ ಹಲವು ಗಂಟೆ 2ರಿಂದ 8 ಡಿಗ್ರಿಯಲ್ಲೇ ಇರುತ್ತದೆ. ಹೆರಿಗೆ ಮೇಜಿನ ದೀಪ, ಹಸುಗೂಸಿನ ವಾರ್ಮರ್ ಒಂದು ನಿಮಿಷವೂ ಕಾಯುವುದಿಲ್ಲ. ಬ್ಯಾಟರಿಗೆ ಯಾವ ಯಾವ ಸ್ವಿಚ್ ಸೇರಬೇಕೆಂಬ ಪಟ್ಟಿಯನ್ನು ಎಂಜಿನಿಯರ್ ಒಬ್ಬರೇ ಕೂತು ಮಾಡಬಾರದು, ಅಲ್ಲಿಯ ನರ್ಸ್‌ಗಳನ್ನು ಕೇಳಿ ಮಾಡಬೇಕು. 48 ವೋಲ್ಟ್, 100 ಆಂಪಿಯರ್-ಅವರ್ ಬ್ಯಾಟರಿ ಎಂದರೆ ಕಾಗದದ ಮೇಲೆ 4.8 ಯೂನಿಟ್. ನೀರು ಹಾಕುವ ಲೆಡ್-ಆಸಿಡ್ ಆದರೆ ಅದರಲ್ಲಿ ಅರ್ಧದಷ್ಟನ್ನೇ ದಿನವೂ ಬಳಸಬಹುದು, ಇಲ್ಲದಿದ್ದರೆ ಬೇಗ ಸಾಯುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ಡಿಸ್ಟಿಲ್ಡ್ ವಾಟರ್ ತರುವವರು ಯಾರೆಂದು ಗೊತ್ತಿಲ್ಲದ ಕಟ್ಟಡಕ್ಕೆ ಲೆಡ್-ಆಸಿಡ್ ಒಪ್ಪಬೇಡಿ ಎಂಬುದು ನನ್ನ ಖಚಿತ ಸಲಹೆ.

ಇನ್ನು ದುಡ್ಡು. ಪಿಎಂ ಸೂರ್ಯಘರ್ ಯೋಜನೆಯ 78,000 ರೂಪಾಯಿವರೆಗಿನ ಸಹಾಯಧನ ಮನೆಗಳಿಗೆ. ಶಾಲೆಗೋ ಆಸ್ಪತ್ರೆಗೋ ಅಲ್ಲ. ಗೃಹಜ್ಯೋತಿಯೂ ಮನೆಗಳಿಗೇ. ಆದರೆ ಸೂರ್ಯಘರ್‌ನಲ್ಲಿ ಊರಿನ ಮನೆಗಳಿಗೆ ಸೋಲಾರ್ ಬಂದರೆ ಪ್ರತಿ ಮನೆಗೆ 1,000 ರೂಪಾಯಿ ಪ್ರೋತ್ಸಾಹಧನ ಸ್ಥಳೀಯ ಸಂಸ್ಥೆಗೆ ಬರುವ ಅವಕಾಶವಿದೆ. ಇದನ್ನು ಎಷ್ಟು ಪಂಚಾಯ್ತಿಗಳು ಕೇಳಿವೆಯೋ! ಹಣಕಾಸು ಆಯೋಗದ ಅನುದಾನದಲ್ಲಿ ನಿರ್ಬಂಧವಿಲ್ಲದ ಪಾಲು, ಶಾಸಕರ ಮತ್ತು ಸಂಸದರ ಪ್ರದೇಶಾಭಿವೃದ್ಧಿ ನಿಧಿ, ಗಣಿ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ, ಬೀದರ್‌ನಿಂದ ವಿಜಯನಗರದವರೆಗಿನ ಏಳು ಜಿಲ್ಲೆಗಳಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಸಿಎಸ್‌ಆರ್, ಇವೆಲ್ಲ ತಟ್ಟಬಹುದಾದ ಬಾಗಿಲುಗಳು. ಆರೋಗ್ಯ ಕೇಂದ್ರವಾದರೆ ಸೆಲ್ಕೋ ಫೌಂಡೇಶನ್ ಜೊತೆ ಆರೋಗ್ಯ ಇಲಾಖೆ ನಡೆಸುತ್ತಿರುವ ‘ಸೌರ ಸ್ವಾಸ್ಥ್ಯ’ದಲ್ಲಿ ನಿಮ್ಮ ಕೇಂದ್ರದ ಹೆಸರಿದೆಯೇ ಎಂದು ತಾಲ್ಲೂಕು ಆರೋಗ್ಯಾಧಿಕಾರಿಗಳನ್ನು ಮೊದಲು ಕೇಳಿ. ಯಾವ ಬಾಗಿಲಿನಿಂದ ಹಣ ಬಂದರೂ ಒಂದು ಪ್ರಶ್ನೆ ಬಿಡಬೇಡಿ: ಕೆಲವು ವರ್ಷಗಳ ಮೇಲೆ ಬ್ಯಾಟರಿ ಬದಲಿಸುವ ಹಣ ಯಾವ ಲೆಕ್ಕಶೀರ್ಷಿಕೆಯಿಂದ? ಉತ್ತರ ಠರಾವಿನಲ್ಲಿ ಇಲ್ಲದಿದ್ದರೆ ಆ ಹಣ ಎಲ್ಲೂ ಇಲ್ಲವೆಂದೇ ತಿಳಿಯಿರಿ.

‘ನಿಮಗೆ ಒಂದು ಪೈಸೆ ಖರ್ಚಿಲ್ಲ’ ಎಂದು ಬರುವವರೂ ಇದ್ದಾರೆ. ಇದು ರೆಸ್ಕೋ ಮಾದರಿ. ಕಂಪನಿ ತನ್ನ ಖರ್ಚಿನಲ್ಲಿ ಪ್ಯಾನೆಲ್ ಹಾಕುತ್ತದೆ. ಸಂಸ್ಥೆ ಯೂನಿಟ್‌ಗೆ ಇಷ್ಟು ಎಂದು, ಸಾಮಾನ್ಯವಾಗಿ 25 ವರ್ಷ, ಕೊಡುತ್ತಾ ಹೋಗಬೇಕು. ದರ ಎಸ್ಕಾಂ ದರಕ್ಕಿಂತ ಕಡಿಮೆಯಿದ್ದರೆ ಕೆಟ್ಟ ವ್ಯವಹಾರವೇನಲ್ಲ. ಒಪ್ಪಂದದ ಒಳಪುಟ ಮಾತ್ರ ಓದಬೇಕು. ದರ ವರ್ಷವರ್ಷ ಏರುತ್ತದೆಯೇ? ತಾರಸಿ ಸೋರಿ ರಿಪೇರಿಗೆ ಪ್ಯಾನೆಲ್ ಇಳಿಸಬೇಕಾದರೆ ಖರ್ಚು ಯಾರದು, ಆ ದಿನಗಳಲ್ಲಿ ಉತ್ಪಾದನೆಯಾಗದ ಯೂನಿಟ್‌ಗೂ ದುಡ್ಡು ಕೊಡಬೇಕೆ? ಬ್ಯಾಟರಿ ಸೇರಿದೆಯೇ? ಹೆಚ್ಚಾಗಿ ಸೇರಿರುವುದಿಲ್ಲ.

ಸಂಸ್ಥೆಯೇ ಹಣ ಹಾಕುವುದಾದರೆ ಖರೀದಿಗೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಅನ್ವಯಿಸುತ್ತದೆ. ಟೆಂಡರ್‌ಗಳು ರಾಜ್ಯದ ಸಂಗ್ರಹಣಾ ಪೋರ್ಟಲ್ ಕೆಪಿಪಿಪಿಯಲ್ಲಿ ಬರುತ್ತವೆ. ಟೆಂಡರ್ ಕರೆಯದೆ ಕೆಲಸ ಕೊಟ್ಟಿದ್ದರೆ 4ನೇ ಕಲಮಿನ ಯಾವ ಖಂಡದಡಿ ವಿನಾಯಿತಿ ಎಂದು ಕೇಳಿ. (ಜಿ) ಖಂಡ ಎಂದರೆ ಸರ್ಕಾರದ ಅಧಿಸೂಚನೆ ಇರಲೇಬೇಕು, ಪ್ರತಿ ಕೊಡಲಿ. ಈ ಕಾಯ್ದೆಯ 16ನೇ ಕಲಮಿನ ಮೇಲ್ಮನವಿ ಟೆಂಡರುದಾರರಿಗೆ ಮಾತ್ರ, ಸಾರ್ವಜನಿಕರಿಗಿಲ್ಲ. ನಮಗಿರುವ ಅಸ್ತ್ರ 2005ರ ಮಾಹಿತಿ ಹಕ್ಕು.

ಆ ಅಸ್ತ್ರಕ್ಕೆ ಬರುವ ಮುನ್ನ ಮೀಟರಿನ ಮಾತು. ಗ್ರಿಡ್‌ನಿಂದ ಬಂದ, ಗ್ರಿಡ್‌ಗೆ ಹೋದ ಯೂನಿಟ್ ಎರಡನ್ನೂ ಅಳೆಯುವ ನೆಟ್ ಮೀಟರಿಗೆ ಅರ್ಜಿ ಹಾಕಬೇಕಾದವರು ಗ್ರಾಹಕರು. ಸರ್ಕಾರಿ ಕಟ್ಟಡಗಳಲ್ಲಿ ಆರ್‌.ಆರ್‌. ನಂಬರ್ ಯಾರ ಹೆಸರಿನಲ್ಲಿದೆ ಎಂದು ನೋಡಿದರೆ ಶಾಲೆಯದು ಪಂಚಾಯ್ತಿಯ ಹೆಸರಿನಲ್ಲಿ, ಅಂಗನವಾಡಿಯದು ಇನ್ನಾರದೋ ಹೆಸರಿನಲ್ಲಿ ಇರುವುದುಂಟು. ಅದನ್ನು ಮೊದಲು ಸರಿಮಾಡಿಸಿ. ವಿದ್ಯುತ್ (ಗ್ರಾಹಕರ ಹಕ್ಕುಗಳು) ನಿಯಮಗಳಿಗೆ 2024ರಲ್ಲಿ ಆದ ತಿದ್ದುಪಡಿಯಂತೆ 10 ಕಿಲೋವ್ಯಾಟ್‌ವರೆಗಿನ ಪೂರ್ಣ ಅರ್ಜಿ ತಾಂತ್ರಿಕ ಅಧ್ಯಯನವಿಲ್ಲದೆ ಒಪ್ಪಿತವಾದಂತೆ. ಅದಕ್ಕಿಂತ ದೊಡ್ಡದಾದರೆ ಅಧ್ಯಯನಕ್ಕೆ 15 ದಿನ. ಎಸ್ಕಾಂ ಎಳೆದಾಡಿದರೆ ಮುಖ್ಯಶಿಕ್ಷಕರೋ ವೈದ್ಯಾಧಿಕಾರಿಯೋ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆಗೆ, ಅಲ್ಲೂ ಆಗದಿದ್ದರೆ ಓಂಬುಡ್ಸ್‌ಮನ್‌ಗೆ ದೂರಬಹುದು. 2003ರ ವಿದ್ಯುಚ್ಛಕ್ತಿ ಅಧಿನಿಯಮದ 42ನೇ ಕಲಮಿನಲ್ಲೇ ಈ ಹಕ್ಕಿದೆ.

ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರದೆ, ಒಂದೇ ವಿಷಯದ್ದಾಗಿರಬೇಕು. ಹೀಗೆ ಬರೆಯಬಹುದು: ‘ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಸೌರ ವಿದ್ಯುತ್ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಬ್ಯಾಟರಿಯ ವಾರಂಟಿ ಪತ್ರ, ನಿರ್ವಹಣಾ ಒಪ್ಪಂದ ಮತ್ತು ಪಾವತಿ ವೋಚರುಗಳ ದೃಢೀಕೃತ ನಕಲು ನೀಡಿ. ಕಾಮಗಾರಿಯನ್ನು ಖುದ್ದಾಗಿ ಪರಿಶೀಲಿಸಲು ದಿನ ತಿಳಿಸಿ.’ ಕೊನೆಯ ಸಾಲು ಬಿಡಬೇಡಿ; ಕಾಯ್ದೆಯ 2(ಜೆ) ಕಾಮಗಾರಿ ಪರಿಶೀಲಿಸುವ ಹಕ್ಕನ್ನೂ ಕೊಟ್ಟಿದೆ. ಅಂದಾಜಿನಲ್ಲಿ ಲಿಥಿಯಂ ಎಂದು ಬರೆದು ಸ್ಥಳದಲ್ಲಿ ಲೆಡ್-ಆಸಿಡ್ ಇಟ್ಟಿದ್ದರೆ ಕಣ್ಣಿಗೇ ಕಾಣುತ್ತದೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ವ್ಯಾಪಾರ ರಹಸ್ಯವೆಂದು ಒಪ್ಪಂದದ ದರ ಮುಚ್ಚಿಡಲು ನೋಡಿದರೆ, ಸಾರ್ವಜನಿಕ ಹಣ ಪಾವತಿಯಾಗುವ ದರ ಅದೆಂದು ಮೇಲ್ಮನವಿಯಲ್ಲಿ ಬರೆಯಿರಿ.

ಪಂಚಾಯ್ತಿಯ ಕಾಮಗಾರಿಯಾದರೆ ಇನ್ನೊಂದು ಸಂದರ್ಭವಿದೆ: ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ನಡೆಯುವ ಜಮಾಬಂದಿ. ಅಂದು ಲೆಕ್ಕಪುಸ್ತಕ ಜನರೆದುರು ಇರಬೇಕು, ಕಾಮಗಾರಿ ಸ್ಥಳಕ್ಕೂ ಹೋಗಿ ನೋಡಬೇಕು. ಹಳೆಯ ಬ್ಯಾಟರಿ ಗುಜರಿಗೆ ಹೋಗಿದ್ದರೆ ಅದನ್ನೂ ಕೇಳಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಮರುಸಂಗ್ರಹದ ಹೊಣೆಯನ್ನು ಉತ್ಪಾದಕರ ಮೇಲಿಟ್ಟಿವೆ.

ಮುಂದಿನ ಗ್ರಾಮಸಭೆಗೆ ಹೋಗುವಾಗ ನಿಮ್ಮ ಆರೋಗ್ಯ ಕೇಂದ್ರದ ಕಳೆದ ಹನ್ನೆರಡು ತಿಂಗಳ ಕರೆಂಟ್ ಬಿಲ್‌ಗಳ ನಕಲು, ನರ್ಸ್ ಹೇಳಿದ ಸ್ವಿಚ್‌ಗಳ ಪಟ್ಟಿ, ಎರಡು ಪ್ರತಿ ಅರ್ಜಿ ಕೈಯಲ್ಲಿರಲಿ. ಒಂದು ಪ್ರತಿಯ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಂಡೇ ಮನೆಗೆ ಬನ್ನಿ.