ಅಪ್ಪನ ಜೀಪಿಗೆ ಬೇರೆ ಎಂಜಿನ್ ಬೇಕೆ?

ಪ್ರಶ್ನೆ: ಅಪ್ಪ ತೋಟಕ್ಕೆ ಓಡಿಸುತ್ತಿದ್ದ ಮಹೀಂದ್ರಾ ಎಂಎಂ 540 ಜೀಪು ಈಗ ಏರು ಹತ್ತುತ್ತಿಲ್ಲ, ಹೊಗೆಯೂ ಜಾಸ್ತಿ. ಬೇರೆ ಎಂಜಿನ್ ಕೂರಿಸಬಹುದೇ?
– ಓದುಗರು, ಸಕಲೇಶಪುರ

ಉತ್ತರ: ಕೂರಿಸಲು ಸಾಧ್ಯವಿದೆ, ಆದರೆ ಅದು ಕೊನೆಯ ಕೆಲಸವಾಗಲಿ. ಮೊದಲು ಚಾಸಿ ತೊಳೆಸಿ, ಸುತ್ತಿಗೆಯಿಂದ ತಟ್ಟಿ ನೋಡಿ. ಮಲೆನಾಡಿನ ಮಳೆಗೆ ತುಕ್ಕು ಒಳಗಿನಿಂದಲೇ ತಿನ್ನುತ್ತದೆ. ಸ್ಪ್ರಿಂಗ್ ಪಟ್ಟಿ ಕೂರುವ ಜಾಗದಲ್ಲಿ ಮಂಕು ಸದ್ದು ಬಂದರೆ ಮೊದಲು ಅದನ್ನು ರಿಪೇರಿ ಮಾಡಿಸಿ.

ಬಳಿಕ ಕಂಪ್ರೆಷನ್ ಅಳೆಸಿ. ನಿಮ್ಮದು ಪೂಜೋ ಮೂಲದ 2,112 ಸಿಸಿ ಡೀಸೆಲ್ ಎಂಜಿನ್ ಆಗಿದ್ದರೆ, ಹೊಗೆಗೆ ಇಂಜೆಕ್ಟರ್ ಅಥವಾ ಪಂಪು ಮಾತ್ರ ಕಾರಣವಿರಬಹುದು. ಅವನ್ನು ಸರಿಪಡಿಸಿದರೆ ಸಾಕೆಂದಾದರೆ ಅಪ್ಪನ ಎಂಜಿನ್ನನ್ನೇ ಉಳಿಸಿಕೊಳ್ಳಿ.

ಬದಲಿಸಲೇಬೇಕಾದರೆ ಮಹೀಂದ್ರಾದ್ದೇ 2,523 ಸಿಸಿ ಡಿಐ ಎಂಜಿನ್ ನೋಡಿ. ಅದರ ಎಳೆತ ಹೆಚ್ಚು. ಕ್ಲಚ್, ಗೇರ್‌ಬಾಕ್ಸ್, ರೇಡಿಯೇಟರ್ ಅದನ್ನು ತಾಳಬೇಕು. ಬ್ರೇಕಿನಲ್ಲಿ ಜಿಪುಣತನ ಬೇಡವೇ ಬೇಡ.

ಹಣ ಕೊಡುವ ಮುನ್ನವೇ ಆರ್‌ಟಿಒ ಕಚೇರಿಗೆ ಹೋಗಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಬದಲಾವಣೆಗೆ ಮಿತಿ ಹಾಕಿದೆ. ಬೇರೆ ಬಗೆಯ ಎಂಜಿನ್‌ಗೆ ಒಪ್ಪಿಗೆ ಸುಲಭವಲ್ಲ. ಅನುಮತಿ ಸಿಕ್ಕರೆ ಹೊಸ ಎಂಜಿನ್ ನಂಬರು ಆರ್‌ಸಿಯಲ್ಲಿ ದಾಖಲಾಗಲಿ, ವಿಮಾ ಕಂಪನಿಗೂ ತಿಳಿಸಿ. ಸಿಗದಿದ್ದರೆ ಹಳೆಯ ಎಂಜಿನ್ನನ್ನೇ ಪೂರ್ತಿ ಬಿಚ್ಚಿ ಕಟ್ಟಿಸಿ.